ಕೊನೆಯ ಕಂತು ಹುಡುಕಿಕೊಂಡು ಹೆಗ್ಗದ್ದೆಯಿಂದ ಬಿಸಿಲೆಗೆ

ಶುಕ್ರವಾರ ಬೆಳಿಗ್ಗೆ ಆರೂಮುಕ್ಕಾಲಿನ ಬಸ್ಸಿಗೆ ಕುಂದೂರಿನಿಂದ ಹೊರಟೆ. ಜನವರಿ ತಿಂಗಳು. ಮಂಜು ಎಷ್ಟಿತ್ತೆಂದರೆ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರನ್ನು ಕೇಳಿ ಕೇಳಿ ಡ್ರೈವರು ಬಸ್ಸು ಓಡಿಸುತ್ತಿದ್ದ. ಆಲೂರಿಗೆ ನಾಲ್ಕು ರೂಪಾಯಿ ಟಿಕೇಟು. ನನ್ನ ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಸ್ವೆಟರು, ನಾನು ಬರೆದ ನಾಟಕದ ಹಸ್ತಪ್ರತಿ, ರಟ್ಟು ಕಳಚಿದ ಒಂದು ಹಳೇ ಇಂಗ್ಲಿಷ್ ಪುಸ್ತಕ ಮತ್ತು ಒಂದು ಇನ್‌ಲ್ಯಾಂಡ್ ಪತ್ರ ಇದ್ದವು. ಈ ಪ್ರಯಾಣಕ್ಕೆ ನನ್ನನ್ನು ಎಬ್ಬಿಸಿದ್ದು ಆ ಪತ್ರವೇ.

ಪತ್ರದ ಹಿಂದಿನ ಸಂಗತಿ ಮೊದಲು ಹೇಳಿಬಿಡುತ್ತೇನೆ. ನಾನು ಹೈಸ್ಕೂಲು ಮೇಷ್ಟ್ರು. ಬಿಡುವಿನಲ್ಲಿ ರೇಡಿಯೋಗೆ ನಾಟಕ ಬರೆಯುವ ಹುಚ್ಚು. ಆ ವರ್ಷ ಬರೆದದ್ದು ‘ಕಪ್ತಾನ ರಂಗಪ್ಪ’ ಅನ್ನುವ ಹದಿಮೂರು ಕಂತಿನ ಗೂಢಚಾರ ಕಥೆ. ಹನ್ನೆರಡು ಕಂತು ಪ್ರಸಾರವಾಗಿತ್ತು. ಕೊನೆಯದರ ರೆಕಾರ್ಡಿಂಗು ಸೋಮವಾರ, ಹಾಸನದಲ್ಲಿ.

ಕಥೆ ನನ್ನದಲ್ಲ. ನಮ್ಮ ದೊಡ್ಡಪ್ಪನಿಂದ ಕೇಳಿದ್ದು. ನನಗೆ ಮಾತು ಕಲಿಸಿದವರೇ ಅವರು ಅನ್ನಬೇಕು; ಶಾಲೆ ಕಲಿಸಿದ್ದು ಬರವಣಿಗೆ ಮಾತ್ರ. ಲಾರಿ ಡ್ರೈವರಾಗಿದ್ದರು. ಘಟ್ಟದ ಅಂಚಿನ ಎಸ್ಟೇಟುಗಳಿಂದ ಹಾಸನಕ್ಕೆ ಕಾಫಿ ಮೂಟೆ ಸಾಗಿಸುತ್ತಿದ್ದರು. ಹೆಗ್ಗದ್ದೆ ಕಡೆಯ ಒಂದು ಎಸ್ಟೇಟಿನಲ್ಲಿ ಹೆಂಗಸರು ಮೇಜಿನ ಸುತ್ತ ನಿಂತು ಕಾಫಿ ಬೀಜ ಆರಿಸುವಾಗ, ಅಲ್ಲಿಯ ರೈಟರು, ಅಂದರೆ ಹಾಜರಿ ಬರೆಯುವ ಗುಮಾಸ್ತರು, ಬಂಗಲೆಯ ಕಪಾಟಿನಿಂದ ಒಂದು ಇಂಗ್ಲಿಷ್ ಕಾದಂಬರಿ ತಂದು, ಹೆಸರು ಊರುಗಳನ್ನೆಲ್ಲ ನಮ್ಮ ಕಡೆಯವಾಗಿ ಮಾಡಿಕೊಂಡು, ಕನ್ನಡದಲ್ಲಿ ಓದಿ ಹೇಳುತ್ತಿದ್ದರಂತೆ. ಲಾರಿಗೆ ಮೂಟೆ ತುಂಬುವಷ್ಟು ಹೊತ್ತು ದೊಡ್ಡಪ್ಪ ನಿಂತು ಕೇಳುತ್ತಿದ್ದರು. ಮನೆಗೆ ಬಂದು ನಮ್ಮನ್ನು ಕೂರಿಸಿಕೊಂಡು ಹೇಳುತ್ತಿದ್ದರು. ಕಪ್ತಾನ ರಂಗಪ್ಪ ಬಂದರಿನ ನಕ್ಷೆ ಕದ್ದ ಅಂತ ಸುಳ್ಳು ಆಪಾದನೆ. ಪೊಲೀಸರು ಒಂದು ಕಡೆ, ನಿಜವಾದ ಕಳ್ಳರು ಇನ್ನೊಂದು ಕಡೆ. ಅವನು ಸಕಲೇಶಪುರದಾಚೆ ಓಡುವ ರೈಲಿನಿಂದ ಹಾರಿ ಬೆಟ್ಟ ಹತ್ತುತ್ತಾನೆ. ಮಂಜಿನಲ್ಲಿ ದಾರಿ ತಪ್ಪಿ, ಕಾಲು ಮುರಿದುಕೊಂಡು ಬಿದ್ದವನನ್ನು ದೀಪದ ಕರಿಯ ಅನ್ನುವ ಒಬ್ಬ ಗುಡಿಸಲಿಗೆ ಹೊತ್ತುಕೊಂಡು ಹೋಗಿ, ಗಂಜಿ ಕುಡಿಸಿ, ತನ್ನ ಕಂಬಳಿ ಹೊದಿಸಿ ಬದುಕಿಸುತ್ತಾನೆ. ಆಮೇಲೆ ಗೊತ್ತಾಗುವುದೇನೆಂದರೆ, ಬೆಟ್ಟದ ತುದಿಯಲ್ಲಿ ದೀಪ ಹಚ್ಚಿ ಶತ್ರುವಿನ ಹಡಗುಗಳಿಗೆ ಸನ್ನೆ ಮಾಡುತ್ತಿದ್ದವನು ಇದೇ ಕರಿಯ. ಕಪ್ತಾನ ಅವನನ್ನು ಹಿಡಿಯುತ್ತಾನೆ.

ಆಮೇಲೆ ಏನಾಯಿತು ಅಂತ ಎಷ್ಟು ಸಲ ಕೇಳಿದರೂ ದೊಡ್ಡಪ್ಪನದು ಒಂದೇ ಉತ್ತರ: “ಅಷ್ಟೊತ್ತಿಗೆ ಲಾರಿ ತುಂಬ್ತು ಕಣೋ, ಬಂದ್ಬುಟ್ಟೆ.”

ಎಸ್ಟೇಟು ಕೈ ಬದಲಾದಾಗ ಬಂಗಲೆಯ ಪುಸ್ತಕಗಳು ಸಕಲೇಶಪುರದ ಹಳೇ ಪೇಪರಿನ ಅಂಗಡಿಗೆ ಬಂದವು. ಅದರಲ್ಲಿ ಆ ಒಂದನ್ನು ದೊಡ್ಡಪ್ಪ ಹುಡುಕಿ ನನಗೆ ತಂದುಕೊಟ್ಟರು. ಅದನ್ನು ಓದಬೇಕೆಂದೇ ನಾನು ಹಟಹಿಡಿದು ಇಂಗ್ಲಿಷು ಕಲಿತೆ. ರಟ್ಟೂ ಇಲ್ಲ, ಹೆಸರಿನ ಹಾಳೆಯೂ ಇಲ್ಲ; ಬರೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಕಡೆಯ ಆರೇಳು ಹಾಳೆಯೂ ಇರಲಿಲ್ಲ. ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು, ಕೇಳುವುದು ಯಾರನ್ನು? ಹದಿಮೂರನೇ ಕಂತನ್ನು ನಾನೇ ಕಟ್ಟಿದೆ. ಕಪ್ತಾನನ ಎದುರಿಗೇ ಕರಿಯನಿಗೆ ಗುಂಡು. ರೇಡಿಯೋದಲ್ಲಿ ಗುಂಡಿನ ಸದ್ದು ಚೆನ್ನಾಗಿ ಕೇಳುತ್ತದೆ.

ಅಷ್ಟರಲ್ಲಿ ಆ ಪತ್ರ ಬಂತು. ದುಂಡನೆಯ ಅಕ್ಷರ. “ಮೇಷ್ಟ್ರಿಗೆ ಜವರಮ್ಮನ ನಮಸ್ಕಾರ. ಈ ಕಥೆ ನಮ್ಮ ರೈಟರದು. ಕೇಳಿ ಸಂತೋಷ ಆಯಿತು. ಆದರೆ ಕೊನೆ ತಪ್ಪು ಮಾಡಬೇಡಿ. ಆ ಕೊನೆ ನಾವು ಕೆಲಸ ನಿಲ್ಲಿಸಿ ಪಡೆದದ್ದು.” ಕೆಳಗೆ ಹೆಗ್ಗದ್ದೆ ಕಡೆಯ ಎಸ್ಟೇಟಿನ ವಿಳಾಸ.

ಕಥೆಯ ಕೊನೆಯನ್ನು ಕೆಲಸ ನಿಲ್ಲಿಸಿ ಪಡೆಯುವುದು ಹೇಗೆ? ಎರಡು ದಿನ ಯೋಚಿಸಿ, ಒಂದೂವರೆ ದಿನ ರಜೆ ಹಾಕಿ ಹೊರಟೆ.

ಆಲೂರಿನಲ್ಲಿ ಇಡ್ಲಿ ತಿಂದು, ಹಾಸನದಿಂದ ಬಂದ ಬಸ್ಸು ಹಿಡಿದೆ. ಸಕಲೇಶಪುರಕ್ಕೆ ಒಂಬತ್ತು ರೂಪಾಯಿ. ಪಾಳ್ಯ ದಾಟಿದ ಮೇಲೆ ಮಂಜು ಎದ್ದು, ಹೊಲಗಳು ಹೋಗಿ ತೋಟಗಳು ಶುರುವಾದವು. ಊರು ಮುಟ್ಟಿದಾಗ ಹತ್ತು ಗಂಟೆ. ಹಳಿ ಅಗಲ ಮಾಡುವ ಕೆಲಸಕ್ಕೆಂದು ಘಟ್ಟದ ರೈಲು ನಿಂತುಹೋಗಿದ್ದ ಕಾಲ ಅದು. ಜೀಪು ಹೊರಡಲು ಇನ್ನೂ ಹೊತ್ತಿತ್ತಾದ್ದರಿಂದ ಸ್ಟೇಷನ್ನಿನ ತನಕ ನಡೆದು ನೋಡಿ ಬಂದೆ. ನಮ್ಮ ಕಪ್ತಾನ ಹಾರಿದ ರೈಲು ಇಲ್ಲಿಂದಲೇ ಹೊರಟದ್ದು. ಪ್ಲಾಟ್‌ಫಾರಂ ಮೇಲೆ ಒಂದು ಎಮ್ಮೆ ಬಿಸಿಲು ಕಾಯಿಸುತ್ತ ಮಲಗಿತ್ತು.

ಈ ಬಗೆಯ ಪುಸ್ತಕಗಳನ್ನು ಆಮೇಲೆ ನಾನು ಸಿಕ್ಕಸಿಕ್ಕಲ್ಲಿ ಓದಿದ್ದೇನೆ. ಮೊದಲ ಮಹಾಯುದ್ಧದ ಹಿಂದುಮುಂದಿನವು. ಅಲ್ಲಿ ಒಬ್ಬ ಸಭ್ಯಸ್ಥ ಇರುತ್ತಾನೆ, ಅವನಿಗೆ ಕೆಲಸವಿಲ್ಲದೆ ಬೇಜಾರು. ಒಂದು ಗುಟ್ಟಿನ ಕಾಗದ ಇರುತ್ತದೆ. ಒಂದು ರೈಲು, ಒಂದು ಬೆಟ್ಟ. ಎಷ್ಟೇ ಅಪಾಯವಿದ್ದರೂ ನಡುವೆ ಒಂದು ಟೀ. ಸಿನಿಮಾ ಮಾಡಿದವರು ಇವಕ್ಕೆಲ್ಲ ಒಂದು ಹುಡುಗಿಯನ್ನು ಸೇರಿಸಿದರು, ಪುಸ್ತಕದಲ್ಲಿ ಅವಳಿರಲಿ ಇಲ್ಲದಿರಲಿ. ಹಡಗಿನಲ್ಲಿ ಪಾರ್ಸಲ್ ಬಂದು, ದೊರೆಗಳ ಬಂಗಲೆಯಲ್ಲಿ ಗೆದ್ದಲು ಹಿಡಿಯುತ್ತಿದ್ದ ಈ ಕಥೆಗಳಲ್ಲಿ ಒಂದಾದರೂ ಬೀಜ ಆರಿಸುವ ಮೇಜಿಗೆ ಇಳಿದು ಬಂತಲ್ಲ, ಅದಕ್ಕೆ ನಾನು ಆ ಹೆಸರು ತಿಳಿಯದ ಲೇಖಕನಿಗೆ ಋಣಿ. ಇಳಿಸಿ ತಂದ ರೈಟರಿಗೆ ಇನ್ನೂ ಹೆಚ್ಚು.

ಜೀಪಿನಲ್ಲಿ ಹದಿನಾಲ್ಕು ಜನ, ಒಂದು ಸ್ಪ್ರೇಯರು, ಎರಡು ಕೋಳಿ. ಐದು ರೂಪಾಯಿ. ಹೆಗ್ಗದ್ದೆಯ ದಾರಿಯಲ್ಲಿ ಇಳಿದು ಮುಕ್ಕಾಲು ಮೈಲಿ ನಡೆದರೆ ಎಸ್ಟೇಟು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಹುಳಿವಾಸನೆ ಗೇಟಿನಲ್ಲೇ ಮೂಗಿಗೆ ಹೊಡೆಯಿತು. ಕಣದ ಪಕ್ಕ ತಂತಿಬಲೆಯ ಮೇಜುಗಳು, ಮೇಲೆ ತೊಳೆದ ಕಾಫಿ ಬೀಜ. ಸುತ್ತ ಹೆಂಗಸರು ನಿಂತು ಪಲ್ಪರಿನ ಹಲ್ಲಿಗೆ ಸಿಕ್ಕಿ ಸೀಳಿದ ಬೀಜ, ಉಳಿದ ಸಿಪ್ಪೆ ಆರಿಸುತ್ತಿದ್ದರು. ಜವರಮ್ಮ ಯಾರು ಅಂತ ಕೇಳುವ ಮೊದಲೇ, ತಲೆಗೆ ಟವೆಲು ಸುತ್ತಿದ್ದ ಅರವತ್ತರ ಮೇಲಿನ ಒಬ್ಬಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನೀವೇನಾ ರೇಡಿಯೋ ಮೇಷ್ಟ್ರು? ದನಿ ಕೇಳಿ ಆರಡಿ ಆಳು ಅನ್ಕಂಡಿದ್ದೆ.”

“ದನಿ ಬೇರೆಯವರದಮ್ಮ. ನಾನು ಬರೆಯೋನು.”

“ಅದೇ ಮತ್ತೆ. ಬರೆಯೋರು ಹಿಂಗೇ ಇರ್ತಾರೆ, ನಮ್ ರೈಟರೂ ಹಿಂಗೇ ಇದ್ರು,” ಅಂದಳು. ಮೇಜಿನ ಸುತ್ತ ನಗು. “ಸುಮ್ನೆ ಯಾಕ್ ನಿಂತಿದೀರಿ, ಕೈ ಹಾಕಿ. ಬೀಜ ಆರಿಸ್ತಾ ಮಾತಾಡ್ವ.”

ಹಾಕಿದೆ. ತಣ್ಣಗಿನ ಬೀಜ, ಜಾರುತ್ತಿತ್ತು. ಐದು ನಿಮಿಷದಲ್ಲಿ ಪಕ್ಕದವಳು ನಾನು ಆರಿಸಿ ಬಿಸಾಡಿದ್ದರಲ್ಲಿ ಅರ್ಧ ಹೆಕ್ಕಿ ವಾಪಸು ಹಾಕಿದಳು. “ಒಳ್ಳೇವ್ನೆಲ್ಲ ಎಸೀತಾವ್ರೆ ಕಣಕ್ಕೋ,” ಅಂತ ದೂರು ಬೇರೆ.

ಜವರಮ್ಮ ಆಗಿನ ಪದ್ಧತಿ ಹೇಳಿದಳು. ಮಧ್ಯಾಹ್ನದ ಊಟಕ್ಕೆ ಮೊದಲು ಒಂದು ಗಂಟೆ ಕಥೆ. ಎಸ್ಟೇಟಿನ ದೊರೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಮೇಜಿನ ಮೇಲೆ ಹಸಿ ಬೀಜ ಇರುವ ದಿನ ಕಥೆಯಲ್ಲಿ ಗುಂಡು ಹಾರುವಂತಿಲ್ಲ, ಯಾರನ್ನೂ ಅಟ್ಟಿಸಿಕೊಂಡು ಹೋಗುವಂತಿಲ್ಲ. ಯಾಕೆಂದರೆ ಅಂಥ ಜಾಗ ಬಂದಾಗ ಹೆಂಗಸರ ಕೈ ನಿಂತುಬಿಡುತ್ತಿತ್ತು. ಹಸಿ ಬೀಜ ಕೈಯಾಡದೆ ಕೂತರೆ ಬಣ್ಣ ಕೆಡುತ್ತದೆ. ಹಾಗಾಗಿ ಹಸಿ ಬೀಜದ ದಿನ ಕಪ್ತಾನ ಬರೀ ನಡೆಯುತ್ತಿದ್ದ, ಮಲಗುತ್ತಿದ್ದ, ಕಾಗದ ಬರೆಯುತ್ತಿದ್ದ. ಅರೆ ಒಣಗಿದ ಮೇಲೆಯೇ ಅವನಿಗೆ ಕಷ್ಟ ಬರುತ್ತಿದ್ದದ್ದು.

“ನಾವೂ ಬಿಡ್ತಿರ್ಲಿಲ್ಲ. ಮೂರು ದಿನ ಓಡಿದ್ನಲ್ಲ ನಿಮ್ ಕಪ್ತಾನ, ಏನ್ ತಿಂದ ಅಂದ್ವಿ. ಪುಸ್ತಕದಲ್ಲಿ ಅದಿಲ್ಲ ಅಂದ್ರು ರೈಟರು. ಇಲ್ದಿದ್ರೆ ನೀವೇ ಏನಾರ ತಿನ್ನಿಸಿ ಅಂದೆ. ಮಾರ್ನೇ ದಿನ ಒಂದು ಹಲಸಿನಹಣ್ಣು ತಿನ್ನಿಸಿದ್ರು.”

“ಕೊನೆ ಏನಾಯ್ತು?” ಅಂದೆ.

ಮೇಜಿನ ಸುತ್ತ ಎಲ್ಲರೂ ಜವರಮ್ಮನ ಕಡೆ ನೋಡಿದರು. ಕೈ ಮಾತ್ರ ಓಡುತ್ತಿತ್ತು.

“ನನ್ ಮಗ್ಳು ಶಾಂತ ಹೊಟ್ಟೇಲಿದ್ಲು ಆವಾಗ. ಕೊನೆ ದಿನ, ಕೊನೆ ಅಧ್ಯಾಯ. ರೈಟರು ಸ್ಟೂಲ್ ಮೇಲೆ ಕೂತು ಓದಿದ್ರು. ಕರಿಯನ್ನ ಕಟ್ಟಿ, ಗುಡಿಸ್ಲ ಹಿಂದಕ್ಕೆ ಕರ್ಕಂಡೋಗಿ, ಕಪ್ತಾನ ನೋಡ್ತಾ ನಿಂತಂಗೇ ಗುಂಡು ಹೊಡ್ದುಬುಟ್ರು ಅಂತ. ಓದಿ ಪುಸ್ತಕ ಮುಚ್ಚಿದ್ರು. ನಾನು ಮೇಜಿಂದ ಕೈ ತೆಗ್ದು ಸೆರಗಿಗೆ ಒರಸ್ಕಂಡೆ. ಪಕ್ಕದೋಳೂ ಒರಸ್ಕಂಡ್ಲು. ಹಂಗೇ ಎಲ್ರೂ. ಯಾರೂ ಯಾರ್ಗೂ ಹೇಳ್ಲಿಲ್ಲ. ನಾಕು ಮೇಜೂ ನಿಂತೋದ್ವು.”

“ರೈಟರು ಏನಂದ್ರು?”

“ಪಾಪ, ಗಾಬರಿಯಾದ್ರು. ಪುಸ್ತಕದಲ್ಲಿ ಹಂಗೈತೆ ಕಣ್ರಮ್ಮ, ನಾನೇನ್ ಮಾಡ್ಲಿ ಅಂದ್ರು. ಹಂಗಾರೆ ಪುಸ್ತಕಕ್ಕೇ ಬೀಜ ಆರಿಸಾಕೆ ಹೇಳಿ ಅಂದೆ. ಅಲ್ಲ ಮೇಷ್ಟ್ರೇ, ಕರಿಯ ತಪ್ಪು ಮಾಡವ್ನೆ, ಇಲ್ಲ ಅನ್ನಲ್ಲ. ಜೈಲಿಗೆ ಹಾಕ್ಲಿ. ಅವನ ಗಂಜಿ ಉಂಡ ಬಾಯಲ್ಲೇ ಹೊಡೀರಿ ಅನ್ನೋದಾ? ಕಾಲು ಮುರ್ಕಂಡು ಬಿದ್ದಿದ್ದೋನ್ನ ಬೆನ್ನ ಮೇಲೆ ಹೊತ್ಕಂಡ್ ಬಂದಿದ್ದ ಕಣ್ರೀ ಅವ್ನು.”

ಊಟದ ಗಂಟೆಯ ತನಕ ಯಾರೂ ಬೀಜ ಮುಟ್ಟಲಿಲ್ಲ. ದೊರೆ ಬಂದು ಕೇಳಿದಾಗ ರೈಟರು, ಬೀಜ ಅರೆ ಒಣಗಿದೆ ಸಾರ್, ಸ್ವಲ್ಪ ಬಿಸಿಲು ಕುಡೀಲಿ ಅಂತ ನಾನೇ ನಿಲ್ಲಿಸಿದೀನಿ ಅಂದರಂತೆ. ಊಟವಾದ ಮೇಲೆ ಪುಸ್ತಕ ಹಿಡಿದುಕೊಂಡು ಮತ್ತೆ ಬಂದರು.

“ತಪ್ಪಾಗಿತ್ತು ಕಣ್ರಮ್ಮ, ಎರಡು ಹಾಳೆ ಅಂಟ್ಕಂಡಿದ್ವು, ಈಗ ಬಿಡಿಸ್ದೆ ಅಂದ್ರು. ಗುಂಡು ಗಾಳಿಗೆ ಹೊಡೆದದ್ದಂತೆ. ಕಪ್ತಾನ ಹಗ್ಗ ಬಿಚ್ಚಿ, ಹೋಗು ಅಂದ್ನಂತೆ. ಕರಿಯ ಹೋದ. ಅದೇ ಕೊನೆ.” ಜವರಮ್ಮ ನನ್ನ ಮುಖ ನೋಡಿದಳು. “ನೀವು ಏನ್ ಬರ್ದಿದೀರಿ?”

ಸುಳ್ಳು ಹೇಳಬಹುದಿತ್ತು. ಕೈಯಲ್ಲಿ ಅವರ ಬೀಜ ಹಿಡಿದುಕೊಂಡು ಆಗಲಿಲ್ಲ.

“ಹೊಡೆದ್ಬುಟ್ರಾ?” ಅಂದಳು.

“ಇನ್ನೂ ಇಲ್ಲ. ಸೋಮವಾರ.”

ಯಾರೋ ನಕ್ಕರು. ಜವರಮ್ಮ ನಗಲಿಲ್ಲ. “ನೋಡಿ ಮೇಷ್ಟ್ರೇ. ಕೂಲಿಗೆ ನಿಂತಿದೀವಿ, ಬೋನಸ್ಸಿಗೆ ನಿಂತಿದೀವಿ. ಕೆಲವು ಸಿಕ್ವು, ಕೆಲವು ಇಲ್ಲ. ಕೇಳಿದ್ದನ್ನ ಪೂರ್ತಿ ಕೊಟ್ಟಿದ್ದು ಅಂದ್ರೆ ಅದೊಂದೇ. ಅವತ್ತು ನಿಂತಿದ್ದೋರಲ್ಲಿ ಈಗ ನಾನು, ಇನ್ನೊಬ್ಳು ಇದೀವಿ. ರೇಡಿಯೋದಲ್ಲಿ ನೀವು ಹೊಡೆದ್ಬುಟ್ರೆ ನಾವು ನಿಂತೇ ಇರ್ಲಿಲ್ಲ ಅಂದಂಗಾಯ್ತದೆ.”

ನಾನು ಚೀಲದಿಂದ ಪುಸ್ತಕ ತೆಗೆದೆ. ಒಳಗಿನ ಹಾಳೆಯ ಮೇಲಿದ್ದ ಬಂಗಲೆಯ ಮೊಹರನ್ನು ಅವಳು ಬೆರಳಿನಿಂದ ಮುಟ್ಟಿ, “ಇದೇ,” ಅಂದಳು. ಕಡೆಯ ಹಾಳೆಗಳಿದ್ದ ಜಾಗ ತೋರಿಸಿದೆ. ಗೆದ್ದಲು ತಿಂದದ್ದು ಅಂತ ನಾನು ಅಷ್ಟು ದಿನ ಅಂದುಕೊಂಡಿದ್ದೆ. ಬಿಸಿಲಿನಲ್ಲಿ ನೋಡಿದರೆ ಅಂಚು ನೆಟ್ಟಗಿತ್ತು. ಯಾರೋ ಸ್ಕೇಲಿಟ್ಟು ಕೊಯ್ದ ಹಾಗೆ. ಜವರಮ್ಮ ಅದನ್ನು ನೋಡಿ, ಪುಸ್ತಕ ಮುಚ್ಚಿ ನನ್ನ ಕೈಗಿಟ್ಟಳು.

“ರೈಟರು ಬಿಸಿಲೇಲಿ ಅವ್ರೆ, ತಮ್ಮನ ಮನೇಲಿ. ನಾಳೆ ಹೋಗಿ ಅವರ ಬಾಯಲ್ಲೇ ಕೇಳಿ. ಭಾನುವಾರ ನಮ್ಗೆ ರಜ, ನಾನು ಸಕಲೇಶಪುರಕ್ಕೆ ಸಾಮಾನಿಗೆ ಬರ್ತೀನಿ. ಅವ್ರು ಹೆಂಗವ್ರೆ ಅಂತ ಹೇಳಿ ಹೋಗಿ.”

ಅವತ್ತು ಉಳಿದದ್ದು ಶಾಂತನ ಮನೆಯಲ್ಲಿ. ಆಕೆ ಅಂಗನವಾಡಿ ಟೀಚರು. ಪತ್ರದ ದುಂಡನೆಯ ಅಕ್ಷರ ಅವಳದೇ. ಅಕ್ಕಿರೊಟ್ಟಿ, ಅವರೆಕಾಳು ಸಾರು, ಬೆಲ್ಲದ ಕರಿಕಾಫಿ. ಗುರುತಿಲ್ಲದವನಿಗೆ ಮನೆಯ ಒಳ್ಳೆಯ ಕಂಬಳಿ ಕೊಟ್ಟರು. ಹೊದ್ದುಕೊಂಡವನಿಗೆ ಜವರಮ್ಮನ ವಾದ ಇನ್ನೂ ಸ್ವಲ್ಪ ಅರ್ಥವಾಯಿತು.

ಶನಿವಾರ ಬಿಸಿಲೆಗೆ. ಹೆತ್ತೂರು, ವನಗೂರು ದಾಟಿ ಹೋಗುವ ಬಸ್ಸು. ಐವತ್ತು ಕಿಲೋಮೀಟರು ಚಿಲ್ಲರೆಗೆ ಎರಡೂವರೆ ಗಂಟೆ. ವನಗೂರಿನ ಆಚೆ ಕಾಡು ಎರಡೂ ಕಡೆಯಿಂದ ರಸ್ತೆಯ ಮೇಲೆ ಬಗ್ಗಿತು. ಕಂಡಕ್ಟರು ಒಂದು ಕಡೆ ಬಸ್ಸು ನಿಲ್ಲಿಸಿ ಆನೆಲದ್ದಿ ನೋಡಿ, “ಬೆಳಿಗ್ಗೇದು, ಹೋಗ್ಲಿ,” ಅಂದ. ಡ್ರೈವರು ಹೋದ.

ಸೋಮಣ್ಣ ರೈಟರಿಗೆ ಎಂಬತ್ತರ ಹತ್ತಿರ. ತಮ್ಮನ ಮನೆಯ ಮುಂದೆ ಏಲಕ್ಕಿ ಹರವಿದ್ದ ಚಾಪೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಣ್ಣಿಗೆ ಪೊರೆ; ಓದಲು ಆಗುವುದಿಲ್ಲ. ಹೆಸರು ಹೇಳಿದ ಕೂಡಲೇ, “ಕಪ್ತಾನನ್ನ ರೇಡಿಯೋಗೆ ಹತ್ತಿಸಿದ ಮಹಾರಾಯ ನೀವೇನಾ,” ಅಂತ ಎರಡೂ ಕೈ ಹಿಡಿದುಕೊಂಡರು. “ನಾನು ನಮ್ಮ ಮೇಜಿನ ಹೊರಗೆ ಆ ಕಥೆ ಹೋಯ್ತು ಅಂತಲೇ ತಿಳಿದಿರಲಿಲ್ಲ. ಲಾರಿ ಡ್ರೈವರು ಕೇಳ್ತಾ ಇದ್ರಾ? ಅವರು ನಿಂತುಕೊಂಡು ನಿದ್ದೆ ಮಾಡ್ತಾರೆ ಅಂತ ನಾನು ಅಂದುಕೊಂಡಿದ್ದೆ.”

ಊಟದ ನಂತರ ನನ್ನನ್ನು ಕೋಲೂರಿಕೊಂಡು ಘಟ್ಟದ ಅಂಚಿಗೆ ಕರೆದುಕೊಂಡು ಹೋದರು. ಎದುರಿಗೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ನೀಲಿ ತೆಳುವಾಗುತ್ತ ಹೋಗಿ ಆಕಾಶವೇ ಆಗಿತ್ತು. ದೀಪದ ಕರಿಯ ದೀಪ ಹಚ್ಚುತ್ತಿದ್ದದ್ದು ಇಲ್ಲೇ.

“ಸಮುದ್ರ ಎಲ್ಲಿ ರೈಟರೇ?” ಅಂದೆ.

“ಕಾಣಲ್ಲ.”

“ಮತ್ತೆ ಹಡಗಿಗೆ ಸನ್ನೆ?”

“ಆ ಹೆಂಗಸರು ಬೆಳಿಗ್ಗೆ ಏಳರಿಂದ ಸಂಜೆ ತನಕ ಮೇಜಿಗೆ ನಿಂತಿರೋರು. ಇಲ್ಲಿಗೆ ಬಂದು ನೋಡ್ತಾರೇನು ಮಾರಾಯ? ನಾನು ಸಮುದ್ರ ಅಂದೆ, ಸಮುದ್ರ ಅಂದುಕೊಂಡರು. ಅಷ್ಟು ನಂಬಿಕೆ.”

ನಂಬಿಕೆ ಅಂದದ್ದೇ ನೆಪವಾಗಿ ನಾನು ಪುಸ್ತಕ ಅವರ ಕೈಗೆ ಕೊಟ್ಟೆ. ಕಡೆಯ ಅಂಚನ್ನು ಬೆರಳಿನಿಂದ ಸವರಿದರು.

“ಇದು ನನ್ನ ಕೆಲಸ,” ಅಂದರು. “ಅವತ್ತು ಊಟದ ಹೊತ್ತಲ್ಲಿ ಆಫೀಸಿನಲ್ಲಿ ಕೂತು ಕೊಯ್ದೆ. ಹಾಳೆ ಅಂಟಿತ್ತು ಅಂತ ಅವರಿಗೆ ಹೇಳೋದು ಸುಲಭ. ಆದರೆ ದೊರೆ ಮಗ ರಜಕ್ಕೆ ಬರ್ತಿದ್ದ, ಕನ್ನಡ ಚೆನ್ನಾಗಿ ಆಡೋನು, ಈ ತರದ ಪುಸ್ತಕ ಅಂದ್ರೆ ಪ್ರಾಣ. ಅವನು ಓದಿ, ಕಣಕ್ಕೆ ಬಂದು, ಕೊನೆ ಹಂಗಲ್ಲ ಹಿಂಗೆ ಅಂದುಬಿಟ್ರೆ? ಅವರು ನನ್ನ ಮಾತು ನಂಬಿ ಮತ್ತೆ ಮೇಜಿಗೆ ಕೈ ಹಾಕಿದಾರೆ. ಆಮೇಲೆ ಯಾವ ಮುಖ ಹೊತ್ತುಕೊಂಡು ಹಾಜರಿ ಕರೀಲಿ?”

“ಹಾಳೆಗಳು?”

“ಕೊಯ್ದದ್ದೇ ತಪ್ಪು. ಸುಡೋಕೆ ಮನಸ್ಸು ಬರಲಿಲ್ಲ.”

ಮನೆಗೆ ಬಂದ ಮೇಲೆ ಒಂದು ಹಳೇ ಪಂಚಾಂಗ ತೆಗೆಸಿದರು. ನಡುವೆ ಏಳು ಹಾಳೆ, ಚಹಾದ ಬಣ್ಣಕ್ಕೆ ತಿರುಗಿದ್ದವು. ಅವತ್ತಿನಿಂದ ಅವನ್ನು ಓದಿರಲಿಲ್ಲವಂತೆ. ಓದಿ ಅಂದರು. ನಾನು ಇಂಗ್ಲಿಷಿನಲ್ಲಿ ಒಂದು ವಾಕ್ಯ, ಕನ್ನಡದಲ್ಲಿ ಒಂದು ವಾಕ್ಯ ಹೀಗೆ ಓದಿದೆ. ನಾನು ಕಟ್ಟಿದ್ದ ಕಂತಿಗೂ ಇದಕ್ಕೂ ಹೆಚ್ಚು ದೂರವಿರಲಿಲ್ಲ. ಇದು ನನ್ನದಕ್ಕಿಂತ ಎಷ್ಟೋ ಮೇಲು. ಬೆಳಗಿನ ಮಂಜು, ಗುಡಿಸಲ ಹಿಂದಿನ ಗೋಡೆ, ಕಣ್ಣಿಗೆ ಬಟ್ಟೆ ಬೇಡವೆಂದ ಆ ಮನುಷ್ಯ. ಗುಂಡಿನ ಸದ್ದು ಅಡಗಿದ ಮೇಲೆ ಕಪ್ತಾನ ಗುಡಿಸಲಿಗೆ ಹೋಗುತ್ತಾನೆ, ಒಲೆ ಇನ್ನೂ ಬೆಚ್ಚಗಿರುತ್ತದೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ರೈಟರು ಕೈ ಚಾಚಿ ಹಾಳೆಗಳನ್ನು ತೆಗೆದುಕೊಂಡರು.

“ಚೆನ್ನಾಗಿ ಬರೆದಿದ್ದಾನೆ. ಸುಳ್ಳು ಹೇಳಬಾರದು,” ಅಂದರು. “ಆದರೆ ಇದು ಕುರ್ಚೀಲಿ ಕೂತು ಓದೋರಿಗೆ ಬರೆದದ್ದು. ಒದ್ದೆ ಬೀಜದಲ್ಲಿ ಕೈ ಮರಗಟ್ಟಿಸಿಕೊಂಡು ನಿಂತೋರಿಗೆ ಆ ಬೆಚ್ಚಗಿನ ಒಲೆ ತೋರಿಸಿ ಏನು ಮಾಡ್ಲಿ? ಅವರಿಗೆ ಕರಿಯ ಗೊತ್ತು. ನನಗೂ ಕಪ್ತಾನನಿಗೂ ಗೊತ್ತಿಲ್ಲದಷ್ಟು ಗೊತ್ತು.”

ಹಾಳೆಗಳನ್ನು ಮಡಿಸಿ ನನ್ನ ಕೈಗಿಟ್ಟರು. “ತಗೊಂಡು ಹೋಗಿ. ಯಾವ ಕೊನೆ ಬೇಕೋ ಹಾಕಿ, ನಾನು ಅಡ್ಡ ಬರಲ್ಲ. ನೀವೂ ಕಥೆ ಹೇಳೋರು, ಕಷ್ಟ ನಿಮ್ಮದು. ಒಂದು ಮಾತು ನಡೆಸಿಕೊಡಿ. ಹಾಳೆ ಅಂಟಿರಲಿಲ್ಲ ಅನ್ನೋದು ಜವರಮ್ಮನಿಗೆ ಗೊತ್ತಾಗಬಾರದು. ಅವತ್ತು ಸಂಜೆ ಅವರೆಲ್ಲ ಹೇಳದೆ ಕೇಳದೆ ಒಂದು ಗಂಟೆ ಹೆಚ್ಚಿಗೆ ನಿಂತು ಆ ಮೇಜುಗಳನ್ನ ಮುಗಿಸಿಕೊಟ್ಟರು. ದೊರೆಗೆ ನಾನು ಹೇಳಿದ ಸುಳ್ಳು ಉಳೀತು. ನನ್ನ ಕೆಲಸ ಉಳೀತು. ಪುಸ್ತಕದ ಕೊನೆ ಅದೇ ಅಂತ ನಂಬಿ ಸಂತೋಷದಲ್ಲಿ ಮಾಡಿದ್ದು ಅದು. ಅದನ್ನ ನಾನು ಕಳೆಯೋ ಹಾಗಿಲ್ಲ.”

ಮಾತು ಕೊಟ್ಟೆ. ಅಲ್ಲೇ ಉಳಿದು, ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ರೈಟರ ತಮ್ಮನ ಹೆಂಡತಿ ಕಡುಬು ಕಟ್ಟಿಕೊಟ್ಟಿದ್ದರು; ವನಗೂರಿನಲ್ಲಿ ಬಸ್ಸು ನಿಂತಾಗ ತಿಂದೆ. ಏಳು ಹಾಳೆ ಶರ್ಟಿನ ಜೇಬಿನಲ್ಲಿ, ಪತ್ರ ಚೀಲದಲ್ಲಿ. ದಾರಿಯುದ್ದಕ್ಕೂ ನಿಜ ಹೇಳುತ್ತೇನೆ, ಆಸೆ ಎರಡೂ ಕಡೆ ಎಳೆಯಿತು. ಆ ಬೆಚ್ಚಗಿನ ಒಲೆಯನ್ನು ಬಿಟ್ಟುಕೊಡಲು ಬರೆಯುವವನಿಗೆ ಕಷ್ಟ. ಹೆತ್ತೂರು ಬರುವ ಹೊತ್ತಿಗೆ ಕರಿಯನನ್ನು ಬಿಡಿಸಬೇಕೆಂದು ಗಟ್ಟಿ ಮಾಡಿಕೊಂಡೆ. ಆದರೆ ಒಂದು ತೊಡಕು ಉಳಿಯಿತು. ಕಪ್ತಾನ ಹೋಗು ಅಂದ, ಕರಿಯ ಹೋದ. ಇಷ್ಟೇ ಆದರೆ ಅರ್ಧ ಗಂಟೆಯ ಕಂತು ಆಗುವುದಿಲ್ಲ. ಕೇಳುವವರಿಗೆ ಏನೋ ತಪ್ಪಿಸಿಕೊಂಡ ಹಾಗೆ ಅನ್ನಿಸುತ್ತದೆ.

ಸಕಲೇಶಪುರದ ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಟವೆಲು ಹಾಕಿ ಇಳಿಯುವಷ್ಟರಲ್ಲಿ ಜವರಮ್ಮ ಸಿಕ್ಕಳು. ಒಳ್ಳೆಯ ಸೀರೆ ಉಟ್ಟಿದ್ದಳು. ಕೈಚೀಲದಲ್ಲಿ ಸೀಗಡಿಯ ವಾಸನೆ.

“ಹೆಂಗವ್ರೆ?”

“ಕಣ್ಣಿಗೆ ಪೊರೆ ಬಂದಿದೆ. ಮಾತು ಹಾಗೇ ಇದೆ. ನಿಮ್ಮನ್ನ ಕೇಳಿದರು.”

“ಹಾಳೆ ಕೊಟ್ರಾ?”

ನನ್ನ ಕೈ ತಾನಾಗಿ ಜೇಬಿಗೆ ಹೋಯಿತು.

“ಬಿಡಿ, ಹೇಳ್ಬ್ಯಾಡಿ. ಹೇಳಲ್ಲ ಅಂತ ಮಾತು ಕೊಟ್ಟಿರ್ತೀರಿ,” ಅಂದಳು. “ಹಾಳೆ ಅಂಟ್ಕಂಡಿರ್ಲಿಲ್ಲ ಅಂತ ನಮ್ಗೆ ಅವತ್ತೇ ಗೊತ್ತು. ಬೆಳಿಗ್ಗೆ ಓದೋವಾಗ ಅವರ ಬೆರಳು ಸಾಲಿನ ಮೇಲೆ ಓಡ್ತಿತ್ತು. ಊಟ ಆದ್ಮೇಲೆ ಓದಿದ್ರಲ್ಲ, ಬೆರಳು ಇಟ್ಟಲ್ಲೇ ಇತ್ತು. ನಮಗೆ ಅಕ್ಷರ ಬರಲ್ಲ, ಬೆರಳು ನೋಡಾಕೆ ಬರಲ್ವಾ?”

“ಎಲ್ಲರಿಗೂ ಗೊತ್ತಿತ್ತಾ?”

“ಎಲ್ರಿಗೂ. ಹೊರಗೆ ಬಂದು ನಕ್ಕಿದೀವಿ. ಆಮೇಲೆ ಒಬ್ಳು ಅಂದ್ಲು, ಅಲ್ಲ ಕಣ್ರೇ, ಯಾವತ್ತೂ ಸುಳ್ಳು ಹೇಳದ ಮನುಷ್ಯ, ನಮಗೋಸ್ಕರ ಕೂತು ಕಟ್ಟವ್ನೆ ಅಂತ. ನಗು ನಿಂತೋಯ್ತು. ವಾಪಸು ಹೋಗಿ ಮೇಜು ಮುಗಿಸಿ ಕೊಟ್ವಿ.” ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. “ಇದನ್ನ ಅವರಿಗೆ ಹೇಳ್ಬ್ಯಾಡಿ ಮತ್ತೆ. ನಾವು ನಂಬಿದ್ವಿ ಅಂತ ಅಂದ್ಕಂಡವ್ರೆ. ಹಂಗೇ ಇರ್ಲಿ.”

ಅವಳಿಗೂ ಮಾತು ಕೊಟ್ಟೆ. ಇದನ್ನು ಈಗ ಬರೆಯಬಹುದು ಅಂದುಕೊಂಡಿದ್ದೇನೆ, ಇಬ್ಬರೂ ಈಗಿಲ್ಲ. ಅವರಿಬ್ಬರ ನಡುವೆ ಎರಡು ದಿನ ನನ್ನನ್ನು ಓಡಾಡಲು ಬಿಟ್ಟರಲ್ಲ, ಆ ಉಪಕಾರಕ್ಕೆ ನಾನು ಏನು ಬರೆದರೂ ಸಾಲದು.

ಕಂಡಕ್ಟರು ಸೀಟಿ ಊದಿದ. ಹತ್ತಿ ಕೂತು, ಕಿಟಕಿಯಿಂದ ಬಗ್ಗಿ, ದಾರಿಯುದ್ದಕ್ಕೂ ಕಾಡಿದ್ದನ್ನು ಕೇಳಿಯೇಬಿಟ್ಟೆ.

“ಜವರಮ್ಮ, ಕಪ್ತಾನ ಹೋಗು ಅಂದ, ಸರಿ. ಆಮೇಲೆ ಕರಿಯ ಎಲ್ಲಿಗೆ ಹೋದ?”

ಅವಳು ನನ್ನನ್ನು ನೋಡಿದ ರೀತಿ, ಒಳ್ಳೆಯ ಬೀಜ ಎಸೆದವನನ್ನು ನೋಡುವ ರೀತಿ.

“ಇನ್ನೆಲ್ಲಿಗೋಯ್ತಾನೆ? ನಮ್ ಎಸ್ಟೇಟಿಗೇ ಬಂದ. ಅದನ್ನ ರೈಟರು ಓದ್ಲಿಲ್ಲ, ನಾವೇ ಮಾತಾಡ್ಕಂಡ್ವಿ. ದೀಪ ಗೀಪ ಹಚ್ಚಂಗಿಲ್ಲ ಅಂತ ಹೇಳಿ, ನಾಕನೇ ಮೇಜಿಗೆ ನಿಲ್ಲಿಸ್ಕಂಡ್ವಿ. ಮೊದ್ಲು ಬರ್ತಿರ್ಲಿಲ್ಲ, ಕಲ್ತ್ಕಂಡ. ಚೆನ್ನಾಗೇ ಆರಿಸ್ತಿದ್ದ.”

ಬಸ್ಸು ಹೊರಟಿತು. ತಿರುವಿನಲ್ಲಿ ಹಿಂದಕ್ಕೆ ನೋಡಿದೆ. ಅವಳು ಚೀಲ ಹಿಡಿದು ಅಂಗಡಿಸಾಲಿನ ಕಡೆ ಆಗಲೇ ಅರ್ಧ ದಾರಿ ನಡೆದಿದ್ದಳು. ನಾನು ಹಸ್ತಪ್ರತಿ ತೊಡೆಯ ಮೇಲಿಟ್ಟುಕೊಂಡು ಪೆನ್ನು ತೆಗೆದೆ. ಹೇಮಾವತಿಯ ಸೇತುವೆ ದಾಟುವ ಹೊತ್ತಿಗೆ ಕರಿಯನಿಗೆ ಮೇಜಿನಲ್ಲಿ ಜಾಗ ಸಿಕ್ಕಿತ್ತು.